ತಂಗಿಯ ಸಮುದ್ರ

ಬಕೆಟ್ಟಿನ ನೀರಿಗೆ ಚೊಂಬು ಅದ್ದುವ ಮುಂಚೆ ಅಂಗೈಯಿಂದ ನೀರಿನ ನೆತ್ತಿಗೆ ಒಂದು ಏಟು ಹಾಕುವುದು ನನ್ನ ಚಾಳಿ. ಸ್ನಾನವಾಗಲಿ, ಬಟ್ಟೆಯಾಗಲಿ, ಅಕ್ಕಿ ತೊಳೆಯುವುದಾಗಲಿ, ಮೊದಲು ಏಟು, ಆಮೇಲೆ ಕೆಲಸ. ನನ್ನನ್ನು ಕೇಳದೆಯೇ ಕೈ ಹೋಗಿಬಿಡುತ್ತದೆ. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಒಂದು ದಿನ ಕಾಂಪೌಂಡಿನ ಆಚೆಯಿಂದ ಇದನ್ನು ನೋಡಿ, ಬಹಳ ಮರ್ಯಾದೆಯಿಂದ, "ನಿಮ್ಮಲ್ಲಿ ಹಂಗೆ ಮಾಡ್ಬೇಕು ಅಂತ ಇದೆಯಾ ಆಂಟಿ?" ಎಂದು ಕೇಳಿದಳು. ಧರ್ಮದ ಮೇಲೆ ಸುಮ್ಮನೆ ಯಾಕೆ ಅಪವಾದ ಹೊರಿಸುವುದು ಎಂದು ನಾನು ಇದ್ದದ್ದನ್ನೇ ಹೇಳಿದೆ. "ಇಲ್ಲಮ್ಮ, ಮೀನು ಓಡಿಸ್ತಾ ಇದೀನಿ." ಅವತ್ತಿನಿಂದ ಆ ಹುಡುಗಿ ನನ್ನ ಜೊತೆ ಸ್ವಲ್ಪ ಹುಷಾರಾಗಿಯೇ ಮಾತಾಡುತ್ತಾಳೆ.

ನಿಮಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ಆದರೆ ಇದರಲ್ಲಿ ಕೆರೆ ಬರುತ್ತದೆ, ಸಮುದ್ರ ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹೊಟ್ಟೆಕಿಚ್ಚು ಬರುತ್ತದೆ. ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ನೀವು ಹೇಳುತ್ತೀರಿ. ನಮ್ಮ ಅಮ್ಮಿಯೂ ಅದನ್ನೇ ಹೇಳುತ್ತಿದ್ದರು. ಪೂರ್ತಿ ಕೇಳಿ, ಆಮೇಲೆ ಹೇಳಿ.

ನಮ್ಮ ಅಬ್ಬಾ ಕುಣಿಗಲ್ ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದರು. ಹಳೆಯ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿದು ಕೊಡುವ ಕೆಲಸ. ಅವರ ಹುಬ್ಬಿನ ಮೇಲೆ ಯಾವಾಗಲೂ ಒಂದು ಎಳೆ ಹತ್ತಿ ಇರುತ್ತಿತ್ತು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು. ಆದರೆ ನಾನೂ ನನ್ನ ತಂಗಿ ತಸ್ಲೀಮಳೂ ಜಗಳ ಆಡುವುದು ಮಾತ್ರ ಕನ್ನಡದಲ್ಲಿ, ಯಾಕೆಂದರೆ ನಮ್ಮ ಜೊತೆಗಿದ್ದ ಮದನಪಲ್ಲಿಯ ನಾನಿಗೆ, ಅಂದರೆ ಅಮ್ಮಿಯ ತಾಯಿಗೆ, ಕನ್ನಡ ಬರುತ್ತಿರಲಿಲ್ಲ. ಉರ್ದುವಿನಲ್ಲಿ ಬೈದುಕೊಂಡರೆ ನಾನಿಯ ಕೈಯಲ್ಲಿ ಇಬ್ಬರಿಗೂ ಬೀಳುತ್ತಿತ್ತು. ಹೀಗಾಗಿ ನಮಗಿಬ್ಬರಿಗೂ ಮನಸ್ಸಿಗೆ ತಟ್ಟುವ ಮಾತುಗಳೆಲ್ಲ ಇವತ್ತಿಗೂ ಕನ್ನಡದಲ್ಲೇ ಹೊರಡುತ್ತವೆ.

ನಾನು ನೀರಿನ ಹುಚ್ಚಿ. ತಸ್ಸು, ಅಂದರೆ ತಸ್ಲೀಮ, ನೀರೆಂದರೆ ನಡುಗುವವಳು. ತಲೆಗೆ ಒಂದು ಚೊಂಬು ಹುಯ್ದರೆ ಪ್ರಾಣ ಹೋದಂತೆ ಕಿರುಚಿ ಬೀದಿಯವರನ್ನೆಲ್ಲ ಸೇರಿಸುತ್ತಿದ್ದಳು. ಅಮ್ಮಿ ಅವಳ ತಲೆಗೂದಲನ್ನು ಲೋಟದಲ್ಲಿ ತೊಳೆಯುತ್ತಿದ್ದರು. ಕೆರೆಯ ಏರಿಯ ಮೇಲೆ ನಡೆಯುವಾಗ ನೀರಿಲ್ಲದ ಕಡೆಗೇ ಮುಖ ತಿರುಗಿಸಿಕೊಂಡು, ನನ್ನ ದುಪಟ್ಟಾದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ನನಗೆ ಅವಳನ್ನು ಕಂಡರೆ ಆಗ ಕನಿಕರ. ಎಂಥ ನೆಮ್ಮದಿಯ ಕಾಲ ಅದು.

ಕುಣಿಗಲ್ ದೊಡ್ಡಕೆರೆಯಲ್ಲಿ ನಿಂಗಣ್ಣ ಎಂಬಾತ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ. ಅಬ್ಬಾನ ಹತ್ತಿರ ದಿಂಬು ಹೊಲಿಸಲು ಬಂದವನು ಸ್ನೇಹ ಬೆಳೆಸಿ ಆಗಾಗ ಮನೆಗೆ ಮೀನು ತಂದುಕೊಡುತ್ತಿದ್ದ. ಶಾಲೆ ಬಿಟ್ಟ ಕೂಡಲೆ ನಾನು ಕೆರೆಗೆ ಓಡುತ್ತಿದ್ದೆ. ಮೊದಮೊದಲು ಗದರಿಸಿ ಕಳಿಸುತ್ತಿದ್ದವನು, ಜೊತೆಯಾಳು ಕೈಕೊಟ್ಟ ಒಂದು ದಿನ ನನ್ನನ್ನು ಹರಿಗೋಲಿಗೆ ಹತ್ತಿಸಿಕೊಂಡ. ಬಲೆಯನ್ನು ಕುದುರೆ ಲಾಳದ ಆಕಾರಕ್ಕೆ ಬಿಟ್ಟು, ಹರಿಗೋಲನ್ನು ಈಚೆ ಕಡೆಗೆ ತಂದು, ಹುಟ್ಟನ್ನು ಅಡ್ಡಡ್ಡ ಹಿಡಿದು ಫಟ್ ಫಟ್ ಎಂದು ನೀರು ಬಡಿಯಬೇಕು. ಸದ್ದಿಗೆ ಬೆದರಿದ ಮೀನು ಆಚೆಗೆ ಓಡಿ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಬಡಿಯುವ ಕೆಲಸ ನನ್ನದಾಯಿತು.

ಬಡಿಯುವುದಕ್ಕೂ ಒಂದು ಲೆಕ್ಕಾಚಾರವಿತ್ತು. "ಮೀನು ಮ್ಯಾಕೆ ಹೊರಳ್ತದಲ್ಲ, ಆಗ ಬಡೀಬೇಕು ಕಣವ್ವ," ಎನ್ನುತ್ತಿದ್ದ ನಿಂಗಣ್ಣ. "ಮುಳುಗಿದ್ಮ್ಯಾಲೆ ಬಡುದ್ರೆ ನೀರಿಗೆ ನೋಯ್ತದೆ ಅಷ್ಟೇಯ." ನೀರಿನ ಮೇಲೆ ಏನೇ ಮಿಂಚಲಿ, ಕಣ್ಣು ಕಾಣುವುದಕ್ಕೂ ಕೈ ಬೀಳುವುದಕ್ಕೂ ನಡುವೆ ಯೋಚನೆಗೆ ಜಾಗವೇ ಇರಬಾರದು. ನಾನು ಇದರಲ್ಲಿ ಎಷ್ಟು ಪಳಗಿದೆನೆಂದರೆ, ಕೊನೆಕೊನೆಗೆ ಜೊತೆಯಾಳು ಬಂದರೂ ನಿಂಗಣ್ಣ ನನಗಾಗಿ ಕಾಯುತ್ತಿದ್ದ. ಮನೆಯಲ್ಲಿ ಮದುವೆ ಮುಂಜಿಗೆ ಜನ ಸೇರಿದರೆ ಎಲ್ಲರೂ ನನ್ನನ್ನು ಸುತ್ತುವರಿದು ಕೆರೆಯ ಕಥೆ ಹೇಳು ಎನ್ನುತ್ತಿದ್ದರು. ನಾನು ಒಂದು ಅಡಿಯ ಮೀನನ್ನು ಎರಡು ಅಡಿ ಮಾಡಿ ಹೇಳುತ್ತಿದ್ದೆ.

ಚಳಿಗಾಲದಲ್ಲಿ ಎಲ್ಲಿಂದಲೋ ಬಾತುಗಳು ಬಂದು ಕೆರೆಯ ನಡುಮಧ್ಯೆ ಇಳಿಯುತ್ತಿದ್ದವು. ಮಂಜಿನಲ್ಲಿ ಕಪ್ಪಗೆ ಚುಕ್ಕೆಚುಕ್ಕೆಯಾಗಿ ಕಾಣುತ್ತಿದ್ದವು. ಅವನ್ನು ಹತ್ತಿರದಿಂದ ನೋಡಬೇಕೆಂದು ಒಂದು ಬೆಳಿಗ್ಗೆ ನಿಂಗಣ್ಣ ಬರುವ ಮುಂಚೆಯೇ ನಾನೊಬ್ಬಳೇ ಹರಿಗೋಲು ಬಿಟ್ಟುಕೊಂಡು ಹೋದೆ. ಹತ್ತಿರವೇನೋ ಹೋದೆ, ಅವು ಎದ್ದು ಹಾರಿಹೋದವು. ವಾಪಸ್ಸು ತಿರುಗಿದರೆ ಏರಿಯ ಮೇಲೆ ಅಬ್ಬಾ, ಅವರ ಹಿಂದೆ ಅರ್ಧ ಪೇಟೆ ನಿಂತಿತ್ತು. ಅಬ್ಬಾ ಹೊಡೆಯಲಿಲ್ಲ. ಬೈಯಲೂ ಇಲ್ಲ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಇಟ್ಟುಕೊಂಡೇ ಓಡಿ ಬಂದಿದ್ದರು. ಅದನ್ನು ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟರು. ಅವತ್ತೇ ನನ್ನ ಕೆರೆಯ ಬಾಳು ಮುಗಿಯಿತು.

ಮುಗಿದದ್ದು ಅದೊಂದೇ ಅಲ್ಲ ಎಂದು ತಿಳಿದದ್ದು ನನ್ನ ಮದುವೆಯ ಮಾತು ಬಂದಾಗ. ತೊಂಬತ್ತರ ದಶಕದ ನಡುವಿನ ಮಾತು. ಹುಲಿಯೂರುದುರ್ಗದ ಕಡೆಯವರು, ಹುಡುಗ ರಫೀಕ್, ಹೊನ್ನಾವರದ ಹತ್ತಿರ ಬೋಟಿನ ಇಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್. ಅವನ ಚಿಕ್ಕಮ್ಮ ನನ್ನನ್ನು ನೋಡಲು ಬಂದರು, ಒಪ್ಪಿದರು, ಫೋಟೋ ಕೊಟ್ಟರು. ಫೋಟೋದಲ್ಲಿ ಹುಡುಗ ಹೇಗಿದ್ದ ಎಂದು ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಅವನ ಹಿಂದೆ ಸಮುದ್ರವಿತ್ತು. ಅದರ ತುದಿ ಎಲ್ಲಿದೆ ಎಂದು ಹುಡುಕುತ್ತಾ ಕೂತಿದ್ದೆ. ಅಷ್ಟರಲ್ಲಿ ಅಬ್ಬಾ, ಮನೆಯಿಂದ ಸಮುದ್ರ ಎಷ್ಟು ದೂರ ಎಂದು ಕೇಳಿದರು. ಚಿಕ್ಕಮ್ಮ ಬಹಳ ಹೆಮ್ಮೆಯಿಂದ, ಬಾಗಿಲು ತೆಗೆದರೆ ಸಮುದ್ರವೇ ಎಂದರು. ಅಬ್ಬಾನ ಮುಖ ಇಳಿದುಹೋಯಿತು.

ಅವರು ಆ ಸಂಬಂಧವನ್ನು ಬಿಡಲಿಲ್ಲ. ದೊಡ್ಡವಳು ಬೇಡ, ಚಿಕ್ಕವಳನ್ನು ಕೊಡುತ್ತೇನೆ, ಅವಳಿಗೆ ಇನ್ನೂ ವಯಸ್ಸಾಗಿಲ್ಲ, ಎರಡು ವರ್ಷ ಕಾಯಿರಿ ಎಂದರು. ಹುಡುಗನಿಗೂ ಸ್ವಂತ ವರ್ಕ್‌ಶಾಪ್ ಹಾಕಬೇಕಿತ್ತು, ಚಿಕ್ಕಮ್ಮ ಕಾಯುತ್ತೇವೆ ಎಂದರು. ಅಬ್ಬಾನ ತರ್ಕ ಸರಳ. ನೀರು ಕಂಡರೆ ನಿಲ್ಲದವಳನ್ನು ಸಮುದ್ರದ ಬಾಗಿಲಿಗೆ ಕೊಟ್ಟರೆ ವಾರದೊಳಗೆ ಹೆಣ ತರಬೇಕಾಗುತ್ತದೆ. ನೀರೆಂದರೆ ನಡುಗುವವಳಾದರೆ ಬಾಗಿಲು ಹಾಕಿಕೊಂಡು ಮನೆಯೊಳಗಿರುತ್ತಾಳೆ, ನೂರು ವರ್ಷ ಬದುಕುತ್ತಾಳೆ. ನನ್ನನ್ನು ಗುಬ್ಬಿಗೆ ಕೊಟ್ಟರು. ಗುಬ್ಬಿಯಲ್ಲಿ ಮುಳುಗಿ ಸಾಯುವುದಕ್ಕೆ ಬಹಳ ಕಷ್ಟಪಡಬೇಕಿತ್ತು.

ನಮ್ಮ ಮನೆಯವರು ಒಳ್ಳೆಯ ಮನುಷ್ಯ. ಸ್ಕೂಟರ್, ಬೈಕುಗಳಿಗೆ ಸೀಟ್ ಕವರ್ ಹೊಲಿಯುತ್ತಾರೆ. ಮೊದಲು ಗುಬ್ಬಿಯಲ್ಲಿ ಅಂಗಡಿ ಇತ್ತು, ವಾರಕ್ಕೊಮ್ಮೆ ನಿಟ್ಟೂರಿಗೂ ಹೋಗಿ ಹೊಲಿಯುತ್ತಿದ್ದರು. ಆಮೇಲೆ ತುಮಕೂರಿಗೆ ಬಂದು ಶಿರಾ ಗೇಟಿನ ಹತ್ತಿರ ಅಂಗಡಿ ಮಾಡಿದೆವು. ಮದುವೆಯಾದ ಹೊಸದರಲ್ಲಿ ನಾನು ಕೆರೆ ಕೆರೆ ಎಂದು ಪ್ರಾಣ ತಿನ್ನುತ್ತಿದ್ದೆನೆಂದು ಒಂದು ಸಂಜೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಒಂದು ಕೆರೆಗೆ ಕರೆದುಕೊಂಡು ಹೋದರು. ಕೆರೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಇವರೂ ಇಳಿದು ಒಂದು ಓವರ್ ಬೌಲಿಂಗ್ ಮಾಡಿ ಬಂದರು. ಇಬ್ಬರೂ ಕಡಲೆಕಾಯಿ ತಿಂದುಕೊಂಡು ವಾಪಸ್ಸಾದೆವು.

ಎರಡು ವರ್ಷಕ್ಕೆ ತಸ್ಸುವಿನ ಮದುವೆಯಾಯಿತು. ಹೋಗುವ ದಿನ ಅವಳು ಅತ್ತದ್ದು ನಮ್ಮನ್ನು ಬಿಟ್ಟು ಹೋಗುವುದಕ್ಕಲ್ಲ, ಸಮುದ್ರಕ್ಕೆ ಹೆದರಿ. ನಾನೂ ಅತ್ತೆ. ಎಲ್ಲರೂ ಅಕ್ಕತಂಗಿಯರ ಪ್ರೀತಿ ಎಂದುಕೊಂಡರು. ಮೊದಲ ಕೆಲವು ವರ್ಷ ಅಬ್ಬಾನ ಲೆಕ್ಕವೇ ಸರಿಯಾಯಿತು. ತಸ್ಸು ಸಮುದ್ರದ ಕಡೆಯ ಕಿಟಕಿಗೆ ದಪ್ಪ ಪರದೆ ಹಾಕಿದಳು. ರಾತ್ರಿ ಅಲೆಯ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆಂದು ಅಬ್ಬಾ ಒಂದು ಚೀಲ ಒಳ್ಳೆಯ ಹತ್ತಿಯನ್ನೇ ಕಳಿಸಿದರು. ಇದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತಿತ್ತು. ಆದರೆ ಸಮಾಧಾನವೂ ಇತ್ತು. ನನಗೆ ಸಿಗದ ಸಮುದ್ರ ಅವಳಿಗೂ ಸಿಗಲಿಲ್ಲವಲ್ಲ.

ಆ ಸಮಾಧಾನ ಕೆಟ್ಟದ್ದು ಒಂದು ಭಾನುವಾರ. ಅಷ್ಟರಲ್ಲಿ ನಮ್ಮ ಮನೆಗೂ ಫೋನು ಹಾಕಿಸಿದ್ದೆವು. ನಾನು ಸಂಪಿನೊಳಗೆ ಇಳಿದಿದ್ದೆ. ತುಮಕೂರಿನಲ್ಲಿ ನಲ್ಲಿ ನೀರು ದಿನಬಿಟ್ಟು ದಿನ ಬರುವುದರಿಂದ ಎಲ್ಲರ ಮನೆಯಲ್ಲೂ ಸಂಪು. ಅದನ್ನು ತಿಕ್ಕಲು ಇಳಿದಾಗ ಮೊಣಕಾಲು ಮುಳುಗುವಷ್ಟು ನೀರು ಸಿಗುತ್ತಿತ್ತು. ನನ್ನ ಪಾಲಿನ ನೀರಿನ ಸುಖ ಅಷ್ಟೇ. ಸೊಳ್ಳೆ ಮರಿ ತಿನ್ನಲೆಂದು ಬಿಟ್ಟಿದ್ದ ಬೆರಳಿನ ಅರ್ಧದಷ್ಟಿರುವ ಮೀನುಗಳು ನನ್ನ ಕಾಲು ಕಚ್ಚುತ್ತಿದ್ದವು. ನಮ್ಮ ಮನೆಯವರು ಮೇಲಿನಿಂದ ಬಗ್ಗಿ, ನಿನ್ನ ತಂಗಿ ಸಮುದ್ರದೊಳಗೆ ಡಾಲ್ಫಿನ್ ನೋಡಿದಳಂತೆ, ಫೋನಿಗೆ ಬಾ, ಎಂದರು.

ಆದದ್ದು ಇಷ್ಟು. ಅವರ ಊರಿನ ಹತ್ತಿರ ಟೂರಿಸ್ಟುಗಳಿಗೆಂದು ಕಾಟೇಜು ಕಟ್ಟಿದ್ದ ಒಬ್ಬರು ಕಯಾಕ್ ತರಿಸಿದ್ದರು. ಕಯಾಕ್ ಎಂದರೆ ಬೆಂಡೇಕಾಯಿಯಂತೆ ಉದ್ದಕ್ಕೆ, ಎರಡು ಕಡೆಗೂ ಚೂಪಾಗಿರುವ ಪ್ಲಾಸ್ಟಿಕ್ ದೋಣಿ. ಅದರೊಳಗೆ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಕಬೇಕು. ಮಳೆಗಾಲದಲ್ಲಿ ಸಮುದ್ರ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮಾತ್ರ ಸಾರಿಸಿದ ಅಂಗಳದ ಹಾಗೆ ಮಲಗಿರುತ್ತದೆ. ಇಬ್ಬರು ಕೂರುವ ಒಂದು ಕಯಾಕ್ ತಳ ಸೀಳಿಕೊಂಡಾಗ ಅವರು ಅದನ್ನು ರಫೀಕನಿಗೇ ಬಿಟ್ಟುಕೊಟ್ಟರು. ಅವನು ಅದಕ್ಕೆ ಬೆಸುಗೆ ಹಾಕಿದ. ಹೆಂಡತಿಯನ್ನು ಮೊದಲು ಮರಳಿನ ಮೇಲೆಯೇ ಅದರಲ್ಲಿ ಕೂರಿಸಿದ. ಆಮೇಲೆ ಪಾದ ಮುಳುಗುವ ನೀರಿನಲ್ಲಿ. ಆಮೇಲೆ ಇನ್ನೂ ಆಚೆಗೆ. ನಮ್ಮ ತಸ್ಸು, ಲೋಟದಲ್ಲಿ ತಲೆ ತೊಳೆಸಿಕೊಂಡವಳು, ಅರಬ್ಬಿ ಸಮುದ್ರದ ಮೇಲೆ ಕೂತಿದ್ದಳು.

ಫೋನಿನಲ್ಲಿ ಅವಳ ದನಿ ನಡುಗುತ್ತಿತ್ತು. "ಆಪಾ, ನಾನು ಕಣ್ಣು ಮುಚ್ಕೊಂಡಿದ್ದೆ ಕಣೇ. ಪಕ್ಕದಲ್ಲೇ ಯಾರೋ ಉಸಿರು ಬಿಟ್ಟಂಗಾಯ್ತು. ತೆಗೆದು ನೋಡಿದ್ರೆ ಡಾಲ್ಫಿನ್." ನನ್ನ ಸಲ್ವಾರಿನಿಂದ ಸಂಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಳ್ಳೆಯದಾಯಿತು ಎಂದೆ. ಫೋನಿಟ್ಟ ಮೇಲೆ ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ, ಮಧ್ಯಾಹ್ನ ಮಾಡಿದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆಮೇಲೆ ಪ್ರತಿ ಚಳಿಗಾಲದ ಭಾನುವಾರವೂ ಅದೇ ಆಯಿತು. ಅಳಿವೆಯಲ್ಲಿ ನೀರುನಾಯಿಗಳ ಸಂಸಾರ ಮೀನು ಹಂಚಿಕೊಂಡು ತಿಂದದ್ದು. ಬಿಳಿ ಹೊಟ್ಟೆಯ ದೊಡ್ಡ ಹದ್ದು ಇವಳ ಕಣ್ಣೆದುರೇ ಸಮುದ್ರಹಾವನ್ನು ಎತ್ತಿಕೊಂಡು ಹೋದದ್ದು. ಎಲ್ಲೆಲ್ಲಿಂದಲೋ ವಲಸೆ ಬಂದ ಕಡಲಕ್ಕಿಗಳು ನೀರಿನ ಮೇಲೆ ಕೂತಿದ್ದಾಗ ಇವಳು ಅವುಗಳ ನಡುವೆಯೇ ಹಾದು ಹೋದರೂ ಒಂದೂ ಏಳದೇ ಇದ್ದದ್ದು. ಇದನ್ನು ಮಾತ್ರ ನಾನು ನಂಬಲಿಲ್ಲ. ಕುಣಿಗಲ್ ಕೆರೆಯ ಬಾತುಗಳು ನಾನು ಕಣ್ಣಿಗೆ ಬಿದ್ದರೆ ಸಾಕು, ಎದ್ದು ಹೋಗುತ್ತಿದ್ದವು. ನಾನೂ ಸುಮ್ಮನಿರಲಿಲ್ಲ. ದೇವರಾಯನದುರ್ಗದಲ್ಲಿ ಕೋತಿ ನನ್ನ ಕೈಚೀಲ ಕಿತ್ತುಕೊಂಡದ್ದನ್ನು ಹೇಳಿದೆ. ಶಿರಾ ಗೇಟಿನ ಮಟನ್ ಅಂಗಡಿಯ ತಕ್ಕಡಿಯಿಂದ ಹದ್ದು ಮಾಂಸ ಎಗರಿಸಿದ್ದನ್ನು ಹೇಳಿದೆ. ತಸ್ಸು ತಾಳ್ಮೆಯಿಂದ ಕೇಳಿಸಿಕೊಂಡು, ಆಮೇಲೆ ತನ್ನ ಕಥೆ ಮುಂದುವರಿಸುತ್ತಿದ್ದಳು.

ತುಮಕೂರಿನಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆಯಾದಾಗ ತಸ್ಸು ಬಂದಳು. ಮೈ ಕಪ್ಪಾಗಿತ್ತು, ಭುಜ ಪೈಲ್ವಾನನ ಹಾಗೆ ತುಂಬಿಕೊಂಡಿತ್ತು. ಅಮ್ಮಿ ಬಣ್ಣ ಹೋಯಿತೆಂದು ಪೇಚಾಡಿದರು. ನನಗೆ ಆ ಕಪ್ಪಿನ ಮೇಲೂ ಹೊಟ್ಟೆಕಿಚ್ಚು. ಹೆಂಗಸರ ಪಂಕ್ತಿಯಲ್ಲಿ ಅವಳು ಡಾಲ್ಫಿನ್ನಿನ ಮಾತು ತೆಗೆದದ್ದೇ ತಡ, ಬಿರಿಯಾನಿ ಆರುತ್ತಿದ್ದರೂ ಯಾರೂ ಕೈ ಆಡಿಸಲಿಲ್ಲ. ನಾನು ನಡುವೆ, ನಮ್ಮ ಕೆರೆಯಲ್ಲೂ ಒಂದು ಸಲ ದೊಡ್ಡ ಬಾಳೆಮೀನು, ಎಂದು ಶುರು ಮಾಡಿದೆ. ನಮ್ಮ ಸೋದರತ್ತೆ ನನ್ನ ಕೈ ಹಿಡಿದು, ಇರು, ಅವಳು ಹೇಳಲಿ, ಎಂದರು. ಆ ಕೆರೆಯ ಕಥೆಗಳನ್ನು ಆಮೇಲೆ ಯಾರೂ ಕೇಳಲೇ ಇಲ್ಲ.

ಅಬ್ಬಾನಿಗಾದರೂ ಗಾಬರಿಯಾಗುತ್ತದೆ, ಒಂದು ಮಾತು ಗದರಿಸುತ್ತಾರೆ ಎಂದು ನಾನೇ ಹೋಗಿ ಕಯಾಕಿನ ವಿಷಯ ಕಿವಿಗೆ ಹಾಕಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅವಳಿಗೆ ಭಯ ಇದೆ, ಏನೂ ಆಗುವುದಿಲ್ಲ, ಎಂದು ಸೂಜಿಗೆ ದಾರ ಪೋಣಿಸಲು ನನ್ನ ಕೈಗೇ ಕೊಟ್ಟರು. ನನಗಾಗಿ ಅರ್ಧ ಪೇಟೆ ಎಬ್ಬಿಸಿಕೊಂಡು ಓಡಿ ಬಂದ ಮನುಷ್ಯ.

ನನಗೆ ಬೇರೆ ಏನೂ ಬೇಡವಾಗಿತ್ತು. ಒಂದೇ ಒಂದು ಸಲ ನನ್ನ ಕಣ್ಣಿನಿಂದ ನೋಡಬೇಕು. ಅವಳ ಬಾಯಿಂದ ಕೇಳಿ ಸಾಕಾಗಿತ್ತು. ಕಂಡವಳು ನಾನಾಗಿ, ಕೇಳುವವಳು ಅವಳಾಗಬೇಕು. ಇದನ್ನು ನಾನು ಗಂಡನಿಗೆ ಬಾಯಿಬಿಟ್ಟು ಹೇಳಿದೆ. ಅವರು ಹೊಲಿಗೆ ಮಿಷನ್ ಬಂದ್ ಮಾಡಿ, ಹಾಗಾದರೆ ಹೋಗೋಣ, ಎಂದರು. ಸಂಕ್ರಾಂತಿಯ ಆಸುಪಾಸಿನಲ್ಲಿ ಅಂಗಡಿಗೆ ಬೀಗ ಹಾಕಿ, ಅರಸೀಕೆರೆ, ಶಿವಮೊಗ್ಗ ದಾಟಿ, ಘಾಟಿಯ ತಿರುವುಗಳಲ್ಲಿ ನಾನು ವಾಂತಿ ಮಾಡಿಕೊಂಡು, ಅಂತೂ ಬಾಗಿಲು ತೆಗೆದರೆ ಸಮುದ್ರ ಇರುವ ಮನೆ ತಲುಪಿದೆವು.

ಬೆಳಿಗ್ಗೆ ನೀರಿನ ಮೇಲೆ ತೆಳುವಾಗಿ ಮಂಜಿತ್ತು. ಗಂಡಸರಿಬ್ಬರೂ ದಡದಲ್ಲಿ ಚಹಾ ಕುಡಿಯುತ್ತಾ ಕೂತರು. ನಮ್ಮ ಮನೆಯವರಿಗೆ ನೀರಿನ ಸಹವಾಸ ಬೇಡ. ಯಾರು ಮುಂದೆ ಕೂರುವುದು ಎಂದು ನನಗೂ ತಸ್ಸುವಿಗೂ ಮರಳಿನ ಮೇಲೆಯೇ ಸಣ್ಣ ಜಗಳವಾಯಿತು. ನಾನು ಹುಟ್ಟು ಹಾಕಲು ಕಲಿತಾಗ ನೀನು ನನ್ನ ದುಪಟ್ಟಾ ಹಿಡಿದುಕೊಂಡು ನಡುಗುತ್ತಿದ್ದೆ ಎಂದು ಜ್ಞಾಪಿಸಿದೆ. ಅವಳು ನಕ್ಕು ಹಿಂದೆ ಕೂತಳು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಹಾಕಿದಾಗ ಮಾತ್ರ ನನ್ನ ಅಬ್ಬಾ ಹೊಲಿದ ದಿಂಬೊಂದನ್ನು ಕುತ್ತಿಗೆಗೆ ಕಟ್ಟಿದಂತಾಯಿತು.

ಹೇಗಿತ್ತು ಎಂದು ಹೇಳಲಿ. ಕೆರೆಯಲ್ಲಿ ನೀರು ನಿಂತಿರುತ್ತದೆ, ಹರಿಗೋಲು ಅದರ ಮೇಲೆ ಸುತ್ತುತ್ತದೆ. ಇಲ್ಲಿ ನೀರೇ ನಮ್ಮನ್ನು ನಿಧಾನಕ್ಕೆ ಎತ್ತಿ ಇಳಿಸುತ್ತಿತ್ತು. ಇದು ನನ್ನದಾಗಬೇಕಿತ್ತು ಎಂದು ಅನಿಸಿತು, ಅದನ್ನು ಮುಚ್ಚಿಡುವುದೇನು. ದಡದ ಮನೆಗಳು ಬೆಂಕಿಪೊಟ್ಟಣದಷ್ಟಾದ ಮೇಲೆ ತಸ್ಸು ಹುಟ್ಟನ್ನು ಮಡಿಲ ಮೇಲಿಟ್ಟುಕೊಂಡು, ಇನ್ನು ಸುಮ್ಮನೆ ಕೂರಬೇಕು ಎಂದು ಪಿಸುಗುಟ್ಟಿದಳು. ಕೂತೆವು. ನನ್ನ ಎದುರಿಗೇ, ಎರಡು ಸ್ಕೂಟರ್ ನಿಲ್ಲಿಸುವಷ್ಟು ಜಾಗದಾಚೆ, ನೀರು ಉಬ್ಬಿತು. ಬೂದು ಬಣ್ಣದ ಬೆನ್ನೊಂದು ಹೊರಳಿತು, ಅದರ ಹಿಂದೆ ಇನ್ನೊಂದು, ಪಕ್ಕದಲ್ಲಿ ಒಂದು ಮರಿ.

ಕಣ್ಣು ಕಂಡಿತು, ಕೈ ಬಿತ್ತು. ಹುಟ್ಟನ್ನು ಅಡ್ಡಡ್ಡ ಹಿಡಿದು ಫಟ್ ಎಂದು ನೀರಿಗೆ ಬಡಿದೆ. ಬಡಿದದ್ದಷ್ಟೇ ಅಲ್ಲ, ನಿಂಗಣ್ಣ ಕಲಿಸಿದ ಹಾಗೆ ಬೆನ್ನುಬೆನ್ನಿಗೇ ಇನ್ನೆರಡು. ಆ ಸದ್ದು ನೀರಿನ ಮೇಲೆ ಎಲ್ಲಿಯವರೆಗೆ ಹೋಯಿತೋ ಏನೋ. ಡಾಲ್ಫಿನ್ನುಗಳು ಮಾಯವಾದವು, ದೂರದಲ್ಲಿ ಕೂತಿದ್ದ ಕಡಲಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹೋದವು. ಬಲೆ ಮಾತ್ರ ಇರಲಿಲ್ಲ, ಉಳಿದದ್ದೆಲ್ಲ ಬಹಳ ಅಚ್ಚುಕಟ್ಟಾಗಿ ಮಾಡಿದ್ದೆ.

ಹಿಂದಿನಿಂದ ತಸ್ಸು, ಸಿಟ್ಟೂ ಇಲ್ಲದ ದನಿಯಲ್ಲಿ, "ಆಪಾ, ನೀನು ನೀರನ್ನ ನೋಡೋಕೆ ಬರಲ್ಲ ಕಣೇ, ಹೊಡಿಯೋಕೆ ಬರ್ತೀಯ," ಎಂದಳು.

ಕೆರೆಯಲ್ಲಿ ಹಾಗೇ ಕಲಿತದ್ದು ಎಂದೆ. ನಾನು ಮೊದಲಿನಿಂದ ಧೈರ್ಯದವಳು, ಸುಮ್ಮನೆ ಕೂತು ಅಭ್ಯಾಸವಿಲ್ಲ ಎಂದೆ. ಏನೇನೋ ಹೇಳಿದೆ.

"ನನಗೆ ಧೈರ್ಯ ಇರ್ಲಿಲ್ಲವಲ್ಲ," ಎಂದಳು. "ಕೈಕಾಲು ಮರಗಟ್ಟಿ ಹೋಗೋದು. ಅಲ್ಲಾಡೋಕೂ ಭಯ. ಸುಮ್ನೆ ಕೂತಿದ್ದೆ, ಅದಕ್ಕೇ ಅವು ಬಂದ್ವು. ಈಗ್ಲೂ ಭಯ ಇದೆ ಕಣೇ, ಅದಕ್ಕೇ ಈಗ್ಲೂ ಬರ್ತಾವೆ."

ಅಲ್ಲಿಯವರೆಗೆ ನಾನು ಅವಳ ಸಮುದ್ರದ ಮೇಲೆ, ಅವಳ ಡಾಲ್ಫಿನ್ ಮೇಲೆ, ಅವಳ ಕಪ್ಪು ಮೈ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವತ್ತು ಅವಳ ಭಯದ ಮೇಲೆ ಹೊಟ್ಟೆಕಿಚ್ಚಾಯಿತು. ಚಿಕ್ಕವಳಿದ್ದಾಗ ಅದನ್ನು ನೋಡಿ ನಾನು ಕನಿಕರ ಪಟ್ಟಿದ್ದೆನಲ್ಲ, ಆ ಭಯದ ಮೇಲೆ. ಧೈರ್ಯವಾದರೆ ಹೇಗೋ ಕಲಿಯಬಹುದು. ನನ್ನ ವಯಸ್ಸಿನಲ್ಲಿ ಹೊಸದಾಗಿ ಹೆದರುವುದನ್ನು ಯಾರು ಕಲಿಸುತ್ತಾರೆ? ದಡಕ್ಕೆ ಬಂದಾಗ ನಮ್ಮ ಮನೆಯವರು, ಏನೋ ಪಟಾಕಿ ಹೊಡೆದ ಹಾಗೆ ಕೇಳಿಸಿತಲ್ಲ, ಎಂದರು. ತಸ್ಸು ನನ್ನನ್ನು ಬಿಟ್ಟುಕೊಡಲಿಲ್ಲ, ಅಲೆ ಬಡಿಯಿತು ಎಂದಳು. ಅವಳ ಆ ಒಳ್ಳೆಯತನಕ್ಕೂ ನನಗೆ ಉರಿಯಿತು.

ಮರುದಿನ ನಾವು ಹೊರಡುವವರಿದ್ದೆವು. ಬೆಳಿಗ್ಗೆ ತಸ್ಸು ತಾನೇ ಬಂದು ಎಬ್ಬಿಸಿ, ಇನ್ನೊಂದು ಸಲ ಹೋಗೋಣ ಎಂದಳು. ಈ ಸಲ ಮಾತ್ರ ಅವಳೇ ಮುಂದೆ ಕೂತಳು. ನನ್ನನ್ನು ಹಿಂದೆ ಕೂರಿಸಿದಳು, ಹುಟ್ಟು ಕೊಡಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಕೋ ಎಂದಳು. ಶಾಲೆಯಲ್ಲಿ ತಂಟೆ ಮಾಡಿದವರನ್ನು ಕೂರಿಸುವ ಹಾಗೆ. ನಾನು ಅಕ್ಕ, ಎರಡು ಮಕ್ಕಳ ತಾಯಿ, ಕುಣಿಗಲ್ ದೊಡ್ಡಕೆರೆಯಲ್ಲಿ ಹೆಸರು ಮಾಡಿದವಳು, ಬಾಯಿ ಮುಚ್ಚಿಕೊಂಡು ಕೈಗಳ ಮೇಲೆ ಕೂತೆ.

ಬಹಳ ಹೊತ್ತು ಏನೂ ಕಾಣಲಿಲ್ಲ. ತಸ್ಸು ಕುತ್ತಿಗೆ ಉದ್ದ ಮಾಡಿ ದೂರದ ನೀರನ್ನೇ ನೋಡುತ್ತಿದ್ದಳು. ನನಗಾಗಿ ಹುಡುಕುತ್ತಿದ್ದಾಳೆಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ನಿನ್ನೆ ಓಡಿಸಿದ್ದನ್ನು ಹೇಗಾದರೂ ವಾಪಸ್ಸು ಕರೆದು ನನಗೆ ತೋರಿಸಿ ಕಳಿಸಬೇಕು ಎಂಬ ಹಟ. ಕೈಗಳು ಜೋಮು ಹಿಡಿದವು. ಬಿಸಿಲು ಏರಿತು. ಇನ್ನು ತಿರುಗಿ ಹೋಗೋಣ ಎನ್ನಬೇಕು, ಅಷ್ಟರಲ್ಲಿ ನನ್ನ ಎಡಮಗ್ಗುಲಲ್ಲಿ, ಕೈ ಚಾಚಿದರೆ ಮುಟ್ಟುವ ಹಾಗೆ, ನೀರಿನಿಂದ ಒಂದು ತಲೆ ಮೇಲೆ ಬಂತು.

ಕಡಲಾಮೆ. ಮುಷ್ಟಿಯಷ್ಟು ದಪ್ಪದ ತಲೆ, ಹಿಂದೆ ಮನೆಯ ಮೊರದಷ್ಟು ಅಗಲದ ಬೆನ್ನು, ಅದರ ಮೇಲೆ ಪಾಚಿ. ವಯಸ್ಸಾದವರು ಮೆಟ್ಟಿಲು ಹತ್ತಿ ಬಂದು ಕೂತಾಗ ಬಿಡುವಂಥ ಒಂದು ಉಸಿರು ಬಿಟ್ಟಿತು. ಕಣ್ಣು ಒದ್ದೆಯಾಗಿ ಕಪ್ಪಗಿತ್ತು. ಕಣ್ಣಿನ ಸುತ್ತ ಸಣ್ಣ ಸಣ್ಣ ಸುಕ್ಕು. ಆ ಕಣ್ಣು ನನ್ನನ್ನು ನೋಡಿತು. ನನ್ನ ಬಲಗೈ ತೊಡೆಯ ಕೆಳಗೆ ಎಗರಿತು, ನಾನು ಇರುವ ಭಾರವನ್ನೆಲ್ಲ ಬಿಟ್ಟು ಅದನ್ನು ಅದುಮಿ ಹಿಡಿದೆ. ಮತ್ತೊಂದು ಉಸಿರು. ಆಮೇಲೆ ಏನೂ ಆತುರವಿಲ್ಲದೆ ತಲೆ ತಗ್ಗಿಸಿ, ರೆಕ್ಕೆಯಂಥ ಕೈಗಳನ್ನು ಬೀಸುತ್ತಾ ಕೆಳಗೆ ಇಳಿಯಿತು. ಬೆನ್ನು ಮೊದಲು ಹಸಿರಾಗಿ, ಆಮೇಲೆ ನೀರಿನದೇ ಬಣ್ಣವಾಗಿ, ಕಾಣದೆ ಹೋಯಿತು. ನಾನು ಅಳುತ್ತಿದ್ದೆ.

"ಏನಾದ್ರೂ ಕಾಣ್ತಾ ಆಪಾ?" ಎಂದಳು ತಸ್ಸು, ತಿರುಗದೆಯೇ.

ನಾಲಿಗೆಯ ತುದಿಗೆ ಬಂದಿತ್ತು. ನಾನು ಇಷ್ಟು ವರ್ಷ ಕಾದದ್ದು ಈ ಮಾತು ಹೇಳುವುದಕ್ಕೇ. ಆದರೆ ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವಳು ಕೂಗುತ್ತಾಳೆ, ಸಂತೋಷಪಡುತ್ತಾಳೆ, ದಡಕ್ಕೆ ಬಂದು ಗಂಡನಿಗೆ ಹೇಳುತ್ತಾಳೆ, ಫೋನು ಮಾಡಿ ಅಬ್ಬಾನಿಗೆ ಹೇಳುತ್ತಾಳೆ, ನಾನು ಆಪಾಗೆ ಆಮೆ ತೋರಿಸಿದೆ ಎನ್ನುತ್ತಾಳೆ. ಮುಂದಿನ ಮದುವೆಯ ಪಂಕ್ತಿಯಲ್ಲಿ ಅದು ಅವಳ ಕಥೆಯಾಗುತ್ತದೆ.

"ಇಲ್ಲ ಕಣೇ," ಎಂದೆ. "ಏನೂ ಇಲ್ಲ."

ಅವಳು ಹುಟ್ಟು ಎತ್ತಿಕೊಂಡು ನಿಧಾನಕ್ಕೆ ದಡದ ಕಡೆ ತಿರುಗಿಸಿದಳು. ನನ್ನ ಕೆಂಪು ಕಣ್ಣು ನೋಡಿ, ಏನೂ ಕಾಣದ ದುಃಖಕ್ಕೆ ಅತ್ತಿದ್ದೇನೆಂದುಕೊಂಡು ಪಾಪ ಎನಿಸಿರಬೇಕು. ಬಸ್ಸಿಗೆ ಮುಂಚೆ ನನಗೆ ಮಾತ್ರ ಬೇರೆಯಾಗಿ ಮೀನು ಹುರಿದು ಹಾಕಿದಳು. ಗಂಡಸರು ಚೀಲ ಕಟ್ಟುತ್ತಿದ್ದರು. ನಾನು ಮುಳ್ಳು ಬಿಡಿಸುತ್ತಾ, ಸುಮ್ಮನೆ ಮಾತಿಗೆ ಎನ್ನುವ ಹಾಗೆ, ಈ ಕಡೆ ಆಮೆ ಇದೆಯೇನೇ ಎಂದು ಕೇಳಿದೆ. ಇದೆ, ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುತ್ತದೆ, ಒಂದೆರಡು ಸಲ ದೂರದಿಂದ ತಲೆ ಕಂಡಿದೆ, ಎಂದಳು.

"ಅದರ ಕಣ್ಣು ಹೆಂಗಿರುತ್ತೆ?" ಎಂದೆ.

ತಸ್ಸು ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು.

"ಕಣ್ಣು ಯಾರು ನೋಡಿದಾರೆ ಆಪಾ," ಎಂದಳು. "ಅಷ್ಟು ಹತ್ರಕ್ಕೆ ಅದು ಯಾರಿಗೂ ಬರಲ್ಲ."